ನೆಲ ಅಲ್ಲಾಡುವ ಗಾಡಿಗೆ ಪಂಜರ

ನನ್ನ ತಮ್ಮನ ಪಿಕಪ್ ಗಾಡಿ ಹತ್ತು ವರ್ಷ ಪರಶುರಾಂಪುರದ ಕಡೆಯಿಂದ ಚಳ್ಳಕೆರೆಗೆ ಈರುಳ್ಳಿ ಹೊತ್ತಿತ್ತು. ಬಾಡಿಗೆ ಕೆಲಸಕ್ಕೆ ಬೇರೆ ಗಾಡಿ ಬಂದ ಮೇಲೆ ಅವನು ಇದನ್ನು ರೇಸಿಗೆ ಸಿದ್ಧಮಾಡತೊಡಗಿದ. ಎರಡು ಗಾಡಿ ಅಕ್ಕಪಕ್ಕ ನಿಂತು, ಹಸಿರು ದೀಪ ಹತ್ತಿದೊಡನೆ ನೇರ ದಾರಿಯಲ್ಲಿ ಕಾಲು ಮೈಲಿ ಓಡುವುದು. ಡ್ರ್ಯಾಗ್ ರೇಸ್ ಎಂದರೆ ಇಷ್ಟೇ. ಎಂಜಿನ್ ಕೆಲಸ ಮುಗಿದಿತ್ತು. ಉಳಿದದ್ದು ರೋಲ್ ಕೇಜ್. ಗಾಡಿ ಪಲ್ಟಿಯಾದರೂ ಚಾಲಕ ಜಜ್ಜಿಹೋಗದಂತೆ ಕ್ಯಾಬಿನ್ನಿನೊಳಗೆ ಕೂರಿಸುವ ಉಕ್ಕಿನ ಪೈಪುಗಳ ಚೌಕಟ್ಟು ಅದು. ನಮ್ಮಲ್ಲಿ ಎಲ್ಲರ ಬಾಯಲ್ಲೂ ಅದು ಪಂಜರವಾಯಿತು.

ಪಂಜರವಿಲ್ಲದ ಗಾಡಿಯನ್ನು ರೇಸ್ ನಡೆಸುವವರು ಒಳಗೇ ಬಿಡುವುದಿಲ್ಲ. ಅಮ್ಮನ ಷರತ್ತು ಅದಕ್ಕಿಂತ ಬಿಗಿಯಾಗಿತ್ತು. ನಾವು ಮೊಳಕಾಲ್ಮೂರಿನ ಮಗ್ಗದ ಮನೆಯವರು. ಮನೆಯಲ್ಲಿ ಆಡುವುದು ತೆಲುಗು. ಮಾತು ಗಟ್ಟಿಯಾಗಬೇಕಾದಾಗ ಮಾತ್ರ ಅಮ್ಮ ಕನ್ನಡಕ್ಕೆ ಬರುತ್ತಾಳೆ. ಅಂದು ಮಗ್ಗದಿಂದ ಏಳದೆಯೇ ಕನ್ನಡದಲ್ಲಿ ಹೇಳಿದಳು.

"ನಿನ್ ಮಾತು ನಾನ್ ನಂಬಲ್ಲ ನಾಯನಾ. ನಿಮ್ಮಣ್ಣ ನೋಡಿ ಸರಿ ಐತೆ ಅನ್ಲಿ, ಆಮ್ಯಾಲೆ ಹೋಗು. ಇಲ್ದಿದ್ರೆ ಆ ಗಾಡಿ ಕೀಲಿ ನನ್ ಸೆರಗಿನಾಗೆ ಇರ್ತೈತೆ."

ನಾನು ಚಳ್ಳಕೆರೆಯಲ್ಲಿ ಪತ್ರಿಕೆಯೊಂದರ ವರದಿಗಾರ. ಹೆದ್ದಾರಿಯಲ್ಲಿ ಮಗುಚಿದ ಗಾಡಿಗಳನ್ನು ಹತ್ತಿರದಿಂದ ನೋಡಿ ಬರೆಯುವುದು ನನ್ನ ಕೆಲಸದ ಒಂದು ಭಾಗ. ಜವಾಬ್ದಾರಿ ಒಪ್ಪಿಕೊಂಡೆ.

ಕೆಲಸ ಹಿಡಿದವರು ಬಳ್ಳಾರಿ ರಸ್ತೆಯ ಶೆಡ್ಡಿನ ಮೇಸ್ತ್ರಿ. ಟ್ರ್ಯಾಕ್ಟರ್ ಟ್ರಾಲಿ, ಶೇಂಗಾ ಬಡಿಯುವ ಯಂತ್ರ ಕಟ್ಟಿ ಹೆಸರಾದವರು. ಪೈಪು ಬೆಂಗಳೂರಿನಿಂದ ಬಂತು, ಜೋಡಣೆಯ ಗೆರೆಯೇ ಇಲ್ಲದ ದಪ್ಪ ಪೈಪು. ಸೀಟಿನ ಹಿಂದೆ ಒಂದು ದೊಡ್ಡ ಕಮಾನು, ಮುಂದಿನ ಗಾಜಿನ ಪಕ್ಕದಲ್ಲಿ ಇಳಿಯುವ ಎರಡು ಕಾಲು, ಬಾಗಿಲಿಗೆ ಅಡ್ಡಪಟ್ಟಿ. ಕಮಾನಿನ ಎರಡು, ಮುಂದಿನ ಎರಡು, ಹೀಗೆ ನಾಲ್ಕು ಕಾಲಿನ ಕೆಳಗೂ ಅಂಗೈಯಗಲದ ಉಕ್ಕಿನ ತಟ್ಟೆ ಇಟ್ಟು ಕ್ಯಾಬಿನ್ನಿನ ನೆಲಕ್ಕೆ ವೆಲ್ಡ್ ಮಾಡಿದರು.

"ಪೇಪರಿನೋರು ಬಂದ್ರಪ್ಪಾ, ಇನ್ ನಮ್ ತಪ್ಪೆಲ್ಲ ಅಚ್ಚಾಗ್ತೈತೆ" ಎಂದು ಅವರು ನನ್ನನ್ನು ಸ್ವಾಗತಿಸಿದರು.

"ತಪ್ಪಿದ್ರೆ ತಾನೇ ಮೇಸ್ತ್ರಿ?"

"ನನ್ ಟ್ರಾಲಿ ಒಂದಾದ್ರೂ ಬಿಚ್ಕಂಡೈತಾ, ಕೇಳ್ರಿ ಯಾರನ್ನಾದ್ರೂ."

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಹೊಸದಾಗಿ ಮಗ್ಗ ಹೂಡಿದಾಗ, ಹಾಸಿನ ನೂಲು ಏರಿಸುವ ಮೊದಲು, ಮೂಲೆಯಿಂದ ಮೂಲೆಗೆ ಅಡ್ಡಡ್ಡ ರೇಷ್ಮೆಯ ಒಂಟಿ ಎಳೆ ಹಿಡಿದು ಅಳೆಯುತ್ತಾರೆ. ಎರಡೂ ಅಳತೆ ಸಮ ಬಂದರೆ ಮಗ್ಗ ನೇರ. ಹೂಡಿದವನು ತಾನೇ ಅಳೆಯುವಂತಿಲ್ಲ, ಬೇರೆಯವರು ಅಳೆಯಬೇಕು. ಅದರಂತೆ ಅಮ್ಮ ಕಳಿಸಿದ್ದ ಎಳೆಯನ್ನು ನಾನು ಕಮಾನಿನ ಎಡ ಮೇಲ್ತುದಿಯಿಂದ, ಗಾಜು ತೆಗೆದಿದ್ದ ಹಿಂಬದಿ ಕಿಟಕಿಯ ಮೂಲಕ, ಸಾಮಾನು ತುಂಬುವ ತೊಟ್ಟಿಯ ಬಲ ಮೂಲೆಗೆ ಬಿಗಿಯಾಗಿ ಕಟ್ಟಿದೆ. ಇನ್ನೊಂದನ್ನು ಬಲದಿಂದ ಎಡಕ್ಕೆ. ಎರಡೂ ಸಮ ಬಂದವು. ಅಲ್ಲೇ ನಿಂತು ಅಮ್ಮನಿಗೆ ಫೋನ್ ಮಾಡಿ ಸರಿ ಇದೆ ಎಂದೆ. ರೇಸ್ ನಡೆಸುವವರ ತಪಾಸಣೆ ಭಾನುವಾರ. ಅಂದು ಬುಧವಾರ.

ಎಳೆ ಬಿಚ್ಚುವುದನ್ನು ಮರೆತೆ. ತಮ್ಮನು ಗಾಡಿಯನ್ನು ಶೆಡ್ಡಿನಿಂದ ಹೊರಗೆ ತೆಗೆಯುವಾಗ ಮುಂದಿನ ಒಂದು ಚಕ್ರ ಚರಂಡಿಯ ಚಪ್ಪಡಿ ಹತ್ತಿತು. ಒಂದು ಎಳೆ ಹರಿಯಿತು.

"ಎಲ್ಲೋ ತಗುಲಿರ್ಬೇಕು ಬಿಡಣ್ಣ" ಎಂದ ತಮ್ಮ.

ಹರಿದ ಎರಡು ತುದಿಯನ್ನೂ ನೋಡಿದೆ. ಉಜ್ಜಿದ ಗುರುತಿರಲಿಲ್ಲ, ಎಳೆತಕ್ಕೆ ಹರಿದಂತಿತ್ತು. ಹೊಸ ಎಳೆ ಕಟ್ಟಿ, ಗಾಡಿಯ ಅಡಿಚೌಕಟ್ಟಾದ ಚಾಸಿಯ ಮುಂದಿನ ಮೂಲೆಗೆ ಜಾಕ್ ಕೊಟ್ಟು ಎತ್ತಿಸಿದೆ. ಮತ್ತೆ ಹರಿಯಿತು. ಮೂರನೇ ಸಲ ನಾನು ಗಾಡಿಯ ಕೆಳಗೆ ಮಲಗಿ ನೋಡಿದೆ. ಆಗ ಕಂಡಿತು.

ಇಂಥ ಗಾಡಿಯಲ್ಲಿ ಎಂಜಿನ್, ಚಕ್ರ, ಭಾರ ಎಲ್ಲ ಕೆಳಗಿನ ಉಕ್ಕಿನ ಚಾಸಿಯದು. ತೊಟ್ಟಿಯನ್ನು ಅದಕ್ಕೆ ಬಿಗಿದಿರುತ್ತಾರೆ. ಕ್ಯಾಬಿನ್ ಮಾತ್ರ ಬುಷ್‌ ಎಂಬ ರಬ್ಬರ್ ಮೆತ್ತೆಗಳ ಮೇಲೆ ಕೂತಿರುತ್ತದೆ. ಈ ಗಾಡಿಯ ಬುಷ್‌ಗಳು ಸವೆದಿದ್ದವು. ಜಾಕ್ ಏರಿದಂತೆ ಚಾಸಿ ಮೇಲೆ ಬಂತು, ಕ್ಯಾಬಿನ್ ಓರೆಯಾಗಿ ಹಿಂದುಳಿಯಿತು, ಪಂಜರ ಅದರ ಜೊತೆ ಓರೆಯಾಯಿತು. ಪಂಜರಕ್ಕೂ ತೊಟ್ಟಿಗೂ ನಡುವೆ ಕಟ್ಟಿದ ಎಳೆ ಹರಿದದ್ದು ಅದಕ್ಕೇ. ಗಾಡಿ ಉರುಳಿ ಕ್ಯಾಬಿನ್ ಕಿತ್ತುಬಂದರೆ ಪಂಜರ ಅದರ ಜೊತೆಗೇ ಹೋಗುತ್ತಿತ್ತು, ಒಳಗಿದ್ದ ನನ್ನ ತಮ್ಮನೂ. ಹಾಗೆ ಕಿತ್ತುಹೋದ ಕ್ಯಾಬಿನ್ ಒಂದನ್ನು ನಾನು ಹೊಲದಲ್ಲಿ ನೋಡಿದ್ದೆ, ಅದರ ಬಗ್ಗೆ ಬರೆದೂ ಇದ್ದೆ.

ನಮ್ಮ ತಪ್ಪಿಗೆ ಕಾರಣವಿತ್ತು. ನಮ್ಮ ಗುಂಡಿ ಮಗ್ಗದ ಕಂಬ ನೆಲದಲ್ಲಿ ಹೂತಿರುತ್ತದೆ. ನೆಲ ಅಲ್ಲಾಡಬಹುದೆಂಬ ಯೋಚನೆಯೇ ನಮಗೆ ಬರುವುದಿಲ್ಲ. ಮೇಸ್ತ್ರಿಯ ಟ್ರಾಲಿಯಲ್ಲೂ ನೆಲದ ತಗಡು ಚಾಸಿಗೇ ಬೆಸೆದಿರುತ್ತದೆ. ಇಬ್ಬರೂ ನಮ್ಮ ನಮ್ಮ ನೆಲವನ್ನು ನಂಬಿದ್ದೆವು.

ಮೇಸ್ತ್ರಿ ನನ್ನ ಪಕ್ಕದಲ್ಲೇ ಮಲಗಿ ಬಹಳ ಹೊತ್ತು ನೋಡಿದರು. ಎದ್ದು ಬೆನ್ನಿನ ಮಣ್ಣು ಕೊಡವಿಕೊಂಡರು.

"ಅಚ್ಚು ಹಾಕ್ಬೇಡ್ರಿ" ಎಂದರು. ಆಮೇಲೆ ತಮ್ಮನ ಕಡೆ ತಿರುಗಿ, "ಏನ್ ನೋಡ್ತೀಯಲೇ, ಕಟಿಂಗ್ ಮಿಷಿನ್ ತಗಂಬಾ. ನಾಲ್ಕೂ ಕಾಲು ಕತ್ತರಿಸಾಣ."

ನಾನು ಹೊರಗೆ ಹೋಗಿ ಅಮ್ಮನಿಗೆ ಎರಡನೇ ಸಲ ಫೋನ್ ಮಾಡಿದೆ. ಮೊದಲು ಹೇಳಿದ್ದು ತಪ್ಪು, ಪಂಜರ ಸರಿಯಿಲ್ಲ, ಕಾರಣ ಇಂಥದ್ದು ಎಂದೆ. ಪತ್ರಿಕೆಯಲ್ಲಿ ತಿದ್ದುಪಡಿ ಬರೆದು ಅಭ್ಯಾಸವಿದೆ. ಅಮ್ಮನಿಗೆ ಹೇಳುವುದು ಅಷ್ಟು ಸಲೀಸಾಗಲಿಲ್ಲ. ಅವಳು ಕೇಳಿಸಿಕೊಂಡು, "ಮಾಡ್ರಿ" ಎಂದಷ್ಟೇ ಹೇಳಿ ಫೋನ್ ಇಟ್ಟಳು.

ಗುರುವಾರ, ಶುಕ್ರವಾರ ಬೆಳಗಿನಿಂದ ಸಂಜೆಯವರೆಗೆ ಮೂವರೂ ಶೆಡ್ಡಿನಲ್ಲೇ ಇದ್ದೆವು. ಕಾಲುಗಳ ಜಾಗದಲ್ಲಿ ಕ್ಯಾಬಿನ್ನಿನ ನೆಲಕ್ಕೆ ನಾಲ್ಕು ದುಂಡು ತೂತು ಕೊರೆದು, ಪೈಪುಗಳನ್ನು ಕೆಳಗಿಳಿಸಿ, ಚಾಸಿಯಿಂದ ಹೊರಚಾಚುವಂತೆ ಬೆಸೆದ ಉಕ್ಕಿನ ಕೈಗಳ ಮೇಲೆ ಕೂರಿಸಿದೆವು. ತೂತಿನ ಅಂಚಿಗೂ ಪೈಪಿಗೂ ನಡುವೆ ಬೆರಳಗಲ ಜಾಗ ಬಿಟ್ಟು ಮೆತ್ತನೆಯ ರಬ್ಬರ್ ಸುತ್ತಿದೆವು. ಕ್ಯಾಬಿನ್ ಅಲ್ಲಾಡಿದರೂ ಪಂಜರಕ್ಕೆ ತಾಗಬಾರದು. ಬುಷ್‌ಗಳನ್ನೂ ಹೊಸದು ಹಾಕಿದೆವು. ಒಂದು ಕಾಲು ತೂತಿನ ನಡುವೆ ಬರಲಿಲ್ಲ. ಮೇಸ್ತ್ರಿ ಅದನ್ನು ಎರಡು ಸಲ ಕತ್ತರಿಸಿ ಮೂರನೇ ಸಲ ಕೂರಿಸಿದರು. ಗುರುತು ಹಾಕಿದವನು, ಪೈಪು ಹಿಡಿದವನು ನಾನೇ.

ಶನಿವಾರ ಬೆಳಿಗ್ಗೆ ಅಮ್ಮ ಬಸ್ಸಿನಲ್ಲಿ ಬಂದಳು. ನಾನು ಎಳೆ ತೆಗೆದುಕೊಳ್ಳಲು ಕೈಚಾಚಿದೆ. ಅವಳು ಕೊಡಲಿಲ್ಲ.

"ಏಮ್ರಾ, ಪೈಪ್ ಹಿಡ್ದೋನು ನೀನೇ ಅಲ್ವಾ? ಈಗ ನೀನೂ ಕಟ್ಟಿದೋನೇ. ಆಕಡೆ ಸರ್ದು ನಿಂತ್ಕೋ."

ತೊಟ್ಟಿಗೆ ಹತ್ತಲು ಮೇಸ್ತ್ರಿ ಸ್ಟೂಲ್ ಇಟ್ಟರು. ಅಮ್ಮ ಎರಡೂ ಎಳೆಗಳನ್ನು ತಾನೇ ಕಟ್ಟಿ, ಬೆರಳಿನಿಂದ ಮಿಡಿದು, ಕೆಳಗಿಳಿದಳು.

"ಎತ್ತಪ್ಪಾ ಮೇಸ್ತ್ರಿ."

"ಎಷ್ಟ್ ಎತ್ಲಮ್ಮಾ?"

"ಇವ್ರು ಎಷ್ಟ್ ಎತ್ತಿದ್ರೋ ಅದಕ್ಕಿಂತ ಜಾಸ್ತಿ."

ಮುಂದಿನ ಚಕ್ರ ನೆಲ ಬಿಟ್ಟಿತು. ಎಳೆಗಳು ನಡುಗಿದವು, ಹರಿಯಲಿಲ್ಲ. ಇನ್ನೊಂದು ಬದಿಯನ್ನೂ ಎತ್ತಿಸಿದಳು. ಅಲ್ಲೂ ಹರಿಯಲಿಲ್ಲ. ಅವಳು ಎಳೆ ಬಿಚ್ಚಿ ಎರಡು ಬೆರಳಿಗೆ ಸುತ್ತಿ ಸೆರಗಿಗೆ ಕಟ್ಟಿಕೊಂಡಳು.

"ಹೋಗ್ಲಾ ಅಮ್ಮಾ?" ಎಂದ ತಮ್ಮ.

"ಟೋಪಿ ಹಾಕ್ಕೊಂಡ್ ಒಳಗ್ ಕೂತ್ಕೋ ಮೊದ್ಲು."

ಅವನು ಹೆಲ್ಮೆಟ್ ಹಾಕಿ, ಬೆಲ್ಟ್ ಬಿಗಿದು ಕುಳಿತ. ಅಮ್ಮ ಬಾಗಿಲಿನಿಂದ ಕೈ ತೂರಿಸಿ, ಅವನ ಹೆಲ್ಮೆಟ್ಟಿಗೂ ತಲೆಯ ಮೇಲಿನ ಪೈಪಿಗೂ ನಡುವೆ ನಾಲ್ಕು ಬೆರಳಿಟ್ಟು ನೋಡಿದಳು. ನಾಲ್ಕೂ ಸಲೀಸಾಗಿ ಹಿಡಿದವು. ಕೈ ಹೊರಗೆ ತೆಗೆದು, ಮೊಳಕಾಲ್ಮೂರಿಗೆ ಮುಂದಿನ ಬಸ್ ಎಷ್ಟು ಹೊತ್ತಿಗೆ ಎಂದು ಕನ್ನಡ ಬಿಟ್ಟು ತೆಲುಗಿನಲ್ಲಿ ಕೇಳಿದಳು.