ಗೋಡೆಗೇ ಅಂಟಿಸಿಬಿಟ್ಟ ಚಿತ್ರ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಸ್ ನಿಲ್ದಾಣದ ಹಿಂದಿನ ಉದ್ದ ಗೋಡೆಗೆ, ಪೋಸ್ಟರ್ ಅಂಟಿಸಿ ಅಂಟಿಸಿಯೇ ಆ ಹೆಸರು ಪಡೆದ ಅಂಟಕ್ಕ ಏಣಿ ಆನಿಸುತ್ತಾರೆ. ಬಕೆಟ್ಟಿನಲ್ಲಿ ಬಿಸಿ ಆರದ ಮೈದಾ ಅಂಟು. ಹುಳ ಹಿಡಿಯದಿರಲೆಂದು ಅದಕ್ಕೊಂದು ಚಿಟಿಕೆ ಮೈಲುತುತ್ತ. ಮೊದಲು ಗೋಡೆಗೆ ಬಳಿದು, ಪೋಸ್ಟರ್ ಹಾಸಿ, ಆಮೇಲೆ ಅದರ ಮುಖದ ಮೇಲೂ ಬ್ರಷ್ ಎಳೆಯುತ್ತಾರೆ. ಹಾಗೆ ಮಾಡಿದರೇನೇ ಗಾಳಿಗೆ ಅಂಚು ಏಳದು. ಯಾರಾದರೂ ನಿಂತು ನೋಡಿದರೆ ಬಕೆಟ್ಟನ್ನು ತಮ್ಮತ್ತ ಎಳೆದುಕೊಳ್ಳುತ್ತಾರೆ.

ಚಿತ್ರಕಲೆಯ ಮೇಷ್ಟ್ರು ಹೀಗೇ ಒಂದು ಬೆಳಿಗ್ಗೆ ನಿಂತು ನೋಡಿದವರು. ಗೋಡೆಯಿಂದ ಕಿತ್ತ ಹಳೇ ಪೋಸ್ಟರುಗಳ ದಪ್ಪ ಪದರ ತಮಗೆ ಬೇಕೆಂದರು. ಹರಿದ ಕಾಗದಕ್ಕೆ ಬಟ್ಟೆ, ದಾರ, ಬಣ್ಣ ಸೇರಿಸಿ ಚಿತ್ರ ಮಾಡಬಹುದು, ಭಾನುವಾರ ಬಂದರೆ ಕಲಿಸುತ್ತೇನೆ ಎಂದರು. ‘ಪುಕ್ಕಟೆ ಅಂದ್ರು ನೋಡಿ, ಅಲ್ಲೇ ನಂಗೆ ಅನುಮಾನ ಬಂತು’ ಎನ್ನುತ್ತಾರೆ ಅಂಟಕ್ಕ.

ಅನುಮಾನಕ್ಕೆ ಕಾರಣವಿದೆ. ಅವರ ಗಂಡ ಒಬ್ಬ ಮಾಲೀಕನ ಕೈಕೆಳಗೆ ಅಂಗಡಿಗಳ ಬೋರ್ಡು ಬರೆಯುತ್ತಿದ್ದರು. ‘ಬರೆಯೋರು ಇವರು, ಮೂಲೇಲಿ ಹೆಸರು ಮಾಲೀಕಂದು. ಸಾಯೋವರೆಗೂ ಹಂಗೇ ಆಯ್ತು.’ ಗಂಡ ಬಿಟ್ಟುಹೋದ ಏಣಿಯನ್ನೇ ಹತ್ತಿ ಮಗಳನ್ನು ಬೆಳೆಸಿದರು. ಮಗಳೀಗ ಟೈಲರ್.

ಮೇಷ್ಟ್ರ ಹೂಟ ಏನೆಂದು ತಿಳಿಯಲಿಕ್ಕೇ ಅಂಟಕ್ಕ ಕ್ಲಾಸಿಗೆ ಹೋದದ್ದು. ಮೊದಲ ದಿನವೇ ಎಡವಟ್ಟು. ಪಕ್ಕದ ಹುಡುಗಿಯ ಚಿತ್ರದ ಅಂಚು ಎದ್ದದ್ದು ಕಂಡು, ಅಭ್ಯಾಸಬಲದಿಂದ ಅದರ ಮುಖಕ್ಕೆಲ್ಲ ಅಂಟು ಬಳಿದರು. ನೀರುಬಣ್ಣ ಕಲಸಿಹೋಗಿ ಕೆಸರಾಯಿತು, ಹುಡುಗಿ ಅಳುವುದೊಂದು ಬಾಕಿ. ಯಾವ ಬಣ್ಣ ಕರಗುತ್ತದೆ, ಯಾವುದು ಕರಗದು ಎಂದು ಮೊದಲು ಒದ್ದೆ ಬೆರಳಲ್ಲಿ ಮುಟ್ಟಿ ನೋಡಿ ಎಂದರು ಮೇಷ್ಟ್ರು. ಆ ಪಾಠ ಅಂಟಕ್ಕನಿಗೆ ತಕ್ಷಣ ಹಿಡಿಸಿತು. ಈಗ ಯಾವ ಬಣ್ಣವನ್ನೂ ಮುಟ್ಟಿ ನೋಡದೆ ನಂಬುವುದಿಲ್ಲ.

ಕಲಿತು ಮಾಡಿದ ಮೊದಲ ಚಿತ್ರದಲ್ಲಿ ಏಣಿ ಹತ್ತಿದ ಗಂಡಸೊಬ್ಬ ಇದ್ದಾನೆ. ಅಂಗಿ ಸೋಪಿನ ಜಾಹೀರಾತಿನದು, ಕೈ ಯಾವುದೋ ಸಿನಿಮಾ ನಾಯಕನದು, ಏಣಿಯ ಮೆಟ್ಟಿಲು ಮಗಳ ಅಂಗಡಿಯ ಬಟ್ಟೆಚೂರು. ಆಕಾಶ ಮಾತ್ರ ನೀರುಬಣ್ಣ. ಮೂಲೆಯಲ್ಲಿ ಗಂಡನ ಹೆಸರು, ಕೆಳಗೆ ತಮ್ಮದು.

ಕ್ಲಾಸು ನಡೆಯುವ ಹಾಲಿನಲ್ಲೇ ಪ್ರದರ್ಶನಕ್ಕೆ ಇಡೋಣ, ಕೊಡಿ, ಫ್ರೇಮ್ ಹಾಕಿಸಿ ತರುತ್ತೇನೆ ಎಂದರು ಮೇಷ್ಟ್ರು. ಅಂಟಕ್ಕ ಚಿತ್ರವನ್ನು ಸೆರಗಿನೊಳಗೆ ಮುಚ್ಚಿಕೊಂಡು ಮನೆಗೆ ಬಂದರು.

‘ಅಮ್ಮಾ, ಮೇಷ್ಟ್ರೇನು ನಿನ್ನ ಚಿತ್ರ ನುಂಗಿಬಿಡ್ತಾರಾ?’ ಎಂದು ಮಗಳು ರೇಗಿಸಿದಳು.

‘ಮೂಲೆ ಕತ್ತರಿಸೋಕೆ ಎಷ್ಟು ಹೊತ್ತು ಬೇಕೇ? ದಿನಾ ಕತ್ತರಿ ಹಿಡಿಯೋಳು ನೀನು, ನಿಂಗೆ ನಾನು ಹೇಳ್ಬೇಕಾ?’

ಪ್ರದರ್ಶನದ ದಿನ ಮುಂಜಾನೆ ಕಾವಲುಗಾರ ಬಾಗಿಲು ತೆಗೆದದ್ದೇ ತಡ, ಅಂಟಕ್ಕ ಬಕೆಟ್ ಸಮೇತ ಒಳಗೆ ಬಂದು ಚಿತ್ರವನ್ನು ಗೋಡೆಗೇ ಅಂಟಿಸಿಬಿಟ್ಟರು. ಹಿಂಬದಿಗೆ ಮಾತ್ರ ಅಂಟು. ಮುಖಕ್ಕೆ ಒಂದು ಹನಿಯೂ ಇಲ್ಲ. ಅಷ್ಟು ಕಲಿತಿದ್ದಾರೆ. ಬೇಕಾದವರು ಗೋಡೆ ಸಮೇತ ಹೊತ್ತುಕೊಂಡು ಹೋಗಲಿ ಎಂದು ಕೈ ಒರೆಸಿಕೊಂಡರು.

ಪ್ರದರ್ಶನ ಮುಗಿದು ಎಷ್ಟೋ ದಿನವಾಯಿತು. ಉಳಿದ ಚಿತ್ರಗಳೆಲ್ಲ ಅವರವರ ಮನೆ ಸೇರಿವೆ. ಇದೊಂದು ಅಲ್ಲೇ ಇದೆ. ಮೇಷ್ಟ್ರು ಮೊದಲು ತಲೆ ಕೆರೆದುಕೊಂಡರು, ಆಮೇಲೆ ಅದರ ಮೇಲೊಂದು ದೀಪ ಹಾಕಿಸಿದರು. ಆ ದೀಪ ಯಾಕೆಂಬ ಬಗ್ಗೆಯೂ ಅಂಟಕ್ಕನಿಗೆ ಪೂರ್ತಿ ಸಮಾಧಾನವಿಲ್ಲ.

ಚಿತ್ರದ ಕೆಳಗೆ ಇದ್ದಿಲಲ್ಲಿ ಅವರೇ ಬರೆದ ಸಾಲೊಂದಿದೆ: ‘ಇದರ ಮೇಲೆ ಏನೂ ಅಂಟಿಸಬೇಡಿ.’ ಬೀದಿಯಲ್ಲಿ ಇಂಥ ಬರಹ ಕಂಡರೆ ಅದರ ಮೇಲೇ ಪೋಸ್ಟರ್ ಹಾಸುವವರು ತಾವಲ್ಲವೇ ಎಂದರೆ, ಅಂಟಕ್ಕ ನಗುವುದಿಲ್ಲ.

‘ಅದಕ್ಕೇ ಹೇಳಿದ್ದು. ದಿನಾ ಬಂದು ನೋಡ್ಕೊಂಡು ಹೋಗ್ತೀನಿ. ನನ್ನಂಥೋರನ್ನ ನಂಬೋಕಾಗಲ್ಲ.’