ಎರ್ನಾ ಸಿಸ್ಟರ್‌ಗೆ ಮೊಟ್ಟೆ ಶಾವಿಗೆ

ಗುಬ್ಬಿಯಿಂದ ಮದುವೆಯಾಗಿ ತುಮಕೂರಿಗೆ ಬಂದ ನಜೀರಾಳಿಗೆ ಚಿಂತೆ ಮಾಡಲು ಕಾರಣವೇ ಬೇಕಿರಲಿಲ್ಲ. ಮಗಳು ತಹಸೀನ್ ಸೀನಿದರೆ ನ್ಯುಮೋನಿಯಾ, ಗಂಡ ಹತ್ತು ನಿಮಿಷ ತಡಮಾಡಿದರೆ ಆಕ್ಸಿಡೆಂಟು. ಸದಾಶಿವನಗರದ ಎರ್ನಾ ಸಿಸ್ಟರ್ ಮನೆಯಲ್ಲಿ ಅಡುಗೆಗೆ ಸೇರಿ ಒಂಬತ್ತು ವರ್ಷವಾಗಿದ್ದರೂ ಒಲೆಯ ಮುಂದೆ ದಿನಾ ಅವಳ ಎದೆ ಹೊಡೆದುಕೊಳ್ಳುತ್ತಿತ್ತು.

ಎರ್ನಾ ಜರ್ಮನಿಯ ನರ್ಸ್. ಬೆಳ್ಳಾವಿ ಕಡೆಯ ಹಳ್ಳಿಗಳಲ್ಲಿ ಮೂವತ್ತು ವರ್ಷ ಹೆರಿಗೆ ಮಾಡಿಸಿ, ಅಲ್ಲಿನ ಮಾತನ್ನೇ ಕಲಿತಿದ್ದರು. ಭಾನುವಾರವಾದರೆ ಅವರಿಗೆ ತಮ್ಮೂರಿನ ಮೊಟ್ಟೆ ಶಾವಿಗೆ ಬೇಕು. ಕಲಿಸಿದ್ದೂ ಅವರೇ. ಮೈದಾಹಿಟ್ಟಿಗೆ ಮೊಟ್ಟೆ ಒಡೆದು ಹಾಕಿ, ಉಪ್ಪು ಬೆರೆಸಿ, ಗುಳ್ಳೆ ಏಳುವ ತನಕ ಬಡಿಯಬೇಕು. ಬೂಂದಿ ಜಾಲರಿಯ ತೂತುಗಳಿಂದ ಕುದಿಯುವ ನೀರಿಗೆ ಒತ್ತಬೇಕು. ಮೇಲೆ ತೇಲಿದ್ದನ್ನು ಬಾಚಿ ಬೆಣ್ಣೆಯಲ್ಲಿ ಬಾಡಿಸಿದರೆ ಆಯಿತು.

ಒಂಬತ್ತು ವರ್ಷವೂ ತಿಂದ ಮೇಲೆ ಒಂದೇ ಮಾತು. “ಚೆನ್ನಾಗೈತೆ ಕಣೇ ನಜೀರಾ. ಆದ್ರೆ ನಮ್ಮವ್ವನ ಕೈದಲ್ಲ.”

“ನಿಮ್ಮವ್ವನ ಕೈ ನಾನೆಲ್ಲಿಂದ ತರ್ಲಿ ಸಿಸ್ಟರ್?” ಎಂದು ನಗುತ್ತಿದ್ದ ನಜೀರಾ ಮನೆಗೆ ಹೋಗಿ ಕೊರಗುತ್ತಿದ್ದಳು. ಒಂದೇ ಒಂದು ಸಲ ‘ನಮ್ಮವ್ವನ ಕೈದು’ ಅನ್ನಿಸಿಕೊಳ್ಳಬೇಕು ಎಂಬುದು ಅವಳ ಆಸೆ.

ತೊಂಬತ್ತೆಂಟರ ಜನವರಿಯಲ್ಲಿ, ಇನ್ನು ಮಾಡುವುದೇನೂ ಇಲ್ಲವೆಂದು ಡಾಕ್ಟರು ಎರ್ನಾರನ್ನು ಮನೆಗೆ ಕಳಿಸಿದರು. ಗಂಜಿಯೂ ಒಳಗೆ ಹೋಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವರಾಗಿಯೇ, “ಶಾವಿಗೆ ಮಾಡ್ತೀಯೇನೇ?” ಎಂದು ಕೇಳಿದರು.

ಅದು ರಂಜಾನ್ ತಿಂಗಳು. ರೋಜಾ ಮುರಿದೀತೆಂಬ ಭಯಕ್ಕೆ ನಜೀರಾ ಹಗಲಿನ ಅಡುಗೆಯನ್ನು ನಾಲಿಗೆ ತುದಿಗೂ ಸೋಕಿಸುತ್ತಿರಲಿಲ್ಲ. ಉಪ್ಪು ನೋಡುವ ಕೆಲಸ ಜೊತೆಗೆ ಬರುತ್ತಿದ್ದ ತಹಸೀನಳದು. ಆದರೆ ಏಳು ವರ್ಷದ ಹುಡುಗಿಗೆ ಅವತ್ತೇ ಮೊದಲ ರೋಜಾ.

“ಒಂಚೂರು ನೋಡೇ.”

“ಅಮ್ಮೀ! ನನ್ ರೋಜಾ ಮುರಿಸ್ತೀಯಾ?”

ಹಿಟ್ಟಿಗೆ ಉಪ್ಪು ಹಾಕಿದೆನೋ ಇಲ್ಲವೋ? ಹಾಕಿದ ಹಾಗೆ ನೆನಪು. ಮತ್ತೆ ಹಾಕಿ ಬಾಯಿಗಿಡಲಾಗದಂತಾದರೆ? ನಜೀರಾ ಹಾಗೇ ಬಡಿಸಿದಳು.

ಎರ್ನಾ ನಾಲ್ಕು ಚಮಚ ತಿಂದರು. ಕೊನೆಯದನ್ನು ಕಣ್ಣು ಮುಚ್ಚಿ ನಿಧಾನವಾಗಿ ಅಗಿದರು. “ಇದು ನಮ್ಮವ್ವನ ಕೈದು ಕಣೇ” ಎಂದರು.

ಮಿಕ್ಕಿದ್ದನ್ನು ಡಬ್ಬಿಗೆ ತುಂಬಿಕೊಂಡು ನಜೀರಾ ಮನೆಗೆ ಓಡಿದಳು. ಸಂಜೆ ಖರ್ಜೂರ ತಿಂದು ರೋಜಾ ಬಿಟ್ಟ ತಹಸೀನ್ ಶಾವಿಗೆ ಬಾಯಿಗಿಟ್ಟು ಮುಖ ಕಿವಿಚಿದಳು. “ಉಪ್ಪೇ ಹಾಕಿಲ್ಲ ಅಮ್ಮೀ. ಸಪ್ಪೆ.”

ನಜೀರಾಳೂ ಒಂದು ತುತ್ತು ತಿಂದಳು. ಉಪ್ಪಿನ ಒಂದು ಹರಳೂ ಬಿದ್ದಿರಲಿಲ್ಲ.

ಬೆಳಗಿನ ಜಾವ ಸಹರಿಯ ಊಟಕ್ಕೆ ಎದ್ದವಳೇ ಹೊಸದಾಗಿ ಮಾಡಿ, ಮೂರು ಸಲ ಉಪ್ಪು ನೋಡಿದಳು. ಡಬ್ಬಿ ಹಿಡಿದು ಹೋದಾಗ ಎರ್ನಾ ಮನೆ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಪಕ್ಕದ ಮನೆಯ ಗಂಗಾಂಬಿಕೆ ಅವಳ ಕೈ ಹಿಡಿದುಕೊಂಡರು.

“ಹೋಗ್ಬುಟ್ರು ಕಣಮ್ಮ. ನಜೀರಾ ಕೊನೆಗೂ ಕಲ್ತ್‌ಬುಟ್ಳು ಅಂತ ನಿನ್ನೆ ಸಂಜೆ ಅದೆಷ್ಟ್ ಸಲ ಹೇಳಿದ್ರು!”

ನಾಲಿಗೆ ಸತ್ತು ಹಾಗೆಂದರೋ, ತನ್ನ ಮನಸ್ಸು ನೋಯದಿರಲೆಂದು ಹೇಳಿದರೋ? ಇಲ್ಲಾ, ಆ ತಾಯಿಯ ಶಾವಿಗೆಯೇ ಸಪ್ಪೆಯಿತ್ತೋ? ಕೇಳಲು ಯಾರೂ ಉಳಿದಿರಲಿಲ್ಲ.

ತಹಸೀನ್‌ಗೆ ಈಗ ಹದಿನಾರು. ಪ್ರತಿ ವರ್ಷ ಜನವರಿಯಲ್ಲೊಂದು ಭಾನುವಾರ ನಜೀರಾ ಹಳೇ ಜಾಲರಿ ತೊಳೆದು, ಉಪ್ಪು ಹಾಕದೆ ಒಂದು ಹಿಡಿ ಶಾವಿಗೆ ಮಾಡುತ್ತಾಳೆ. ಕಣ್ಣು ಮುಚ್ಚಿ ತಿಂದು ನೋಡುತ್ತಾಳೆ. ಸಪ್ಪೆ. ಇನ್ನೊಂದು ತುತ್ತು ತಿನ್ನುತ್ತಾಳೆ.