ಕೆಟ್ಟ ಲೇಪನ

ಹೈಡ್ರೋಜನ್ ಬಿಡಿಸುವ ಅಗ್ಗದ ವೇಗವರ್ಧಕ ಹುಡುಕುತ್ತೇನೆಂದು ನಾನು ಧಾರವಾಡದಲ್ಲಿ ಸಂಶೋಧನೆಗೆ ಸೇರಿದೆ. ಎರಡನೇ ವರ್ಷವೂ ಫಲ ಕಾಣದೆ ಮಾರ್ಗದರ್ಶಕರ ಧೈರ್ಯ ಕುಸಿಯಿತು.

"ಆರ್ಡರ್ ಕೊಟ್ಟ ರುಥೇನಿಯಂ ಬರೂತನಕಾ ಕಾಯಿ, ಇಲ್ಲಾ ವಿಷಯ ಬದಲಿ ಮಾಡು. ನಿಕಲ್ ತಗೊಂಡು ಯಾರ ಮುಂದ ನಿಂದರತೀಯವಾ?"

"ರುಥೇನಿಯಂ ಕೆಲಸಾ ಮಾಡ್ತದ ಅನ್ನೂದು ಎಲ್ಲಾರಿಗೂ ಗೊತ್ತದರಿ ಸರ್. ಅಷ್ಟು ತುಟ್ಟಿ ಲೋಹ ಯಾರು ಬಳಸವರು? ನಾ ಕಾಯೂದಿಲ್ಲ."

ಅಮ್ಮಿನಬಾವಿಯ ಒಕ್ಕಲು ಮನೆಯ ಹುಡುಗಿಗೆ ಇಷ್ಟು ಮಾತು ಜಾಸ್ತಿಯಾಯಿತು ಎಂದು ಅವರಿಗೆ ಅನ್ನಿಸಿರಬೇಕು. ಮುಖ ತಿರುಗಿಸಿದರು.

ಸೋಡಿಯಂ ಬೋರೋಹೈಡ್ರೈಡ್ ಎಂಬ ಬಿಳಿ ಪುಡಿ ತನ್ನೊಳಗೆ ಹೈಡ್ರೋಜನ್ ಹಿಡಿದಿಟ್ಟುಕೊಂಡಿರುತ್ತದೆ. ಸ್ವಲ್ಪ ಕ್ಷಾರ ಬೆರೆಸಿದ ನೀರಿನಲ್ಲಿ ಕರಗಿಸಿದರೆ ಹೆಚ್ಚುಕಡಿಮೆ ಸುಮ್ಮನೇ ಕೂರುತ್ತದೆ. ಸರಿಯಾದ ಲೋಹ ತಾಗಿದಾಗ ಅನಿಲ ಬಿಡುತ್ತದೆ. ಅದಕ್ಕಾಗಿ ನಾನು ಉಕ್ಕಿನ ಜಾಲರಿಗೆ ನಿಕಲ್ಲು, ಕೋಬಾಲ್ಟು ಲೇಪಿಸುತ್ತಿದ್ದೆ. ಲೇಪ ಈರುಳ್ಳಿ ಸಿಪ್ಪೆಯಂತೆ ಏಳುತ್ತಿತ್ತು.

ಕಡೆಗೆ ಬಸ್ಸು ಹತ್ತಿ, ಕರೆಂಟು ಹರಿಸಿ ಲೋಹದ ಲೇಪ ಹಾಕುವ ಹುಬ್ಬಳ್ಳಿಯ ಒಂದು ಪ್ಲೇಟಿಂಗ್ ಅಂಗಡಿಗೆ ಹೋದೆ. ಅಪ್ಪ ಬೈಕಿನ ರಿಮ್ಮುಗಳಿಗೆ ಹೊಳಪು ಹಾಕಿಸಿದ್ದು ಅಲ್ಲೇ. ಮಾಲೀಕರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ಜಾಲರಿಯನ್ನು ಬೆರಳಲ್ಲಿ ತಿಕ್ಕಿ ನೋಡಿ, "ಎಣ್ಣಿ ಹೋಗಿಲ್ಲ ನೋಡವಾ. ಮೊದಲ ಸೋಡಾ ನೀರಾಗ ಕುದಸು, ಆಮ್ಯಾಲ ಆಸಿಡ್‌ನ್ಯಾಗ ಅದ್ದು" ಎಂದರು.

ಅವರು ಹಾಕಿಕೊಟ್ಟ ಲೇಪ ಕನ್ನಡಿಯಂತಿತ್ತು. ಏಳಲಿಲ್ಲ ನಿಜ, ಆದರೆ ದ್ರಾವಣಕ್ಕೆ ಇಳಿಸಿದಾಗ ಗುಳ್ಳೆಗಳು ಒಂದೊಂದೇ ಬಂದವು. ಮರುವಾರ ಅಂಗಡಿಯ ಮೂಲೆಯಲ್ಲಿ, ಕರೆಂಟು ಹೆಚ್ಚಾಗಿ ಕಪ್ಪಗೆ ಒರಟಾಗಿ ಕೆಟ್ಟುಹೋದ ತುಂಡೊಂದು ಕಣ್ಣಿಗೆ ಬಿತ್ತು. ಒರಟಾದಷ್ಟೂ ದ್ರಾವಣಕ್ಕೆ ತಾಗುವ ಲೋಹ ಹೆಚ್ಚು.

"ಚಾಚಾ, ನಂದೂ ಹಿಂಗ ಸುಟ್ಟು ಕೊಡ್ರಿ."

"ಬೇಕಂತ ಕೆಡಸೂದು? ಯಾರರೆ ನೋಡಿದ್ರ ನನ್ನ ಹೆಸರು ಹೋಗ್ತದ."

"ನನ್ನ ಹೆಸರಿಲೆ ಕೆಡಸ್ರಿ."

ನಗುತ್ತಾ ಕರೆಂಟು ಏರಿಸಿದರು. ಆ ಕಪ್ಪು ಜಾಲರಿಯನ್ನು ದ್ರಾವಣಕ್ಕೆ ಇಳಿಸಿದ ದಿನ, ಅಳತೆಯ ಕೊಳವೆಯಲ್ಲಿ ಅನಿಲ ತುಂಬಿ ನೀರು ಕೆಳಗಿಳಿದ ವೇಗಕ್ಕೆ ನಾನು ಸಮಯ ಬರೆದುಕೊಳ್ಳುವುದೇ ತಪ್ಪಿಹೋಯಿತು. ಮತ್ತೆ ಮಾಡಿದೆ. ಅದೇ ವೇಗ ಮತ್ತೆ ಬಂತು.

ಪ್ರಬಂಧ ನೋಡಲು ಹೊರಗಿನಿಂದ ಬಂದ ಪರೀಕ್ಷಕರು, "ಇದು ಸಂಶೋಧನೆಯೋ, ಗ್ಯಾರೇಜ್ ಕೆಲಸವೋ?" ಎಂದು ಕೇಳಿದರು. ನಾನು ಅವರ ಮುಂದೆಯೇ ಜಾಲರಿಯನ್ನು ದ್ರಾವಣದಲ್ಲಿ ಅದ್ದಿದೆ. ಗುಳ್ಳೆಗಳು ಉಕ್ಕಿದವು. ಎತ್ತಿದೆ, ನಿಂತವು. ರುಥೇನಿಯಂನಷ್ಟು ವೇಗವಿಲ್ಲ, ಬಳಸುತ್ತಾ ಹೋದಂತೆ ಸೋಲುತ್ತದೆ ಎಂಬುದನ್ನೂ ನಾನು ಮುಚ್ಚಿಡದೆ ಬರೆದಿದ್ದೆ. ಅವರು ಪುಟ ತಿರುವಿ, ಕೃತಜ್ಞತೆಯ ಸಾಲುಗಳ ಮೇಲೆ ಪೆನ್ನು ಇಟ್ಟರು. "ಈ ಅಂಗಡಿಯವರ ಮಾತು ತೆಗೆದುಬಿಡಿ. ಶೋಭೆಯಲ್ಲ."

"ತೆಗಿಯೂದಿಲ್ಲರಿ. ಅವರು ಕಲಿಸದಿದ್ರ ಈ ಜಾಲರಿ ಆಗತಿರಲಿಲ್ಲ."

ಅಷ್ಟರಲ್ಲಿ ಮಾರ್ಗದರ್ಶಕರು ಕುರ್ಚಿ ಮುಂದೆ ಎಳೆದುಕೊಂಡು, "ಅಕಿ ಹೇಳೂದು ಖರೇ ಅದರಿ. ಇರಲಿ ಬಿಡ್ರಿ" ಎಂದರು.

ಆ ಸಾಲು ಉಳಿಯಿತು. ನಾನು ಪಾಸಾದೆ.